ಆರಡಿ ಗ್ರಿಲ್ಲಿನಲ್ಲಿ ಏನು ಬೆಳೆಯಬಹುದು? ಟೊಮೇಟೊ ಮೂರು ಸಲ ಸತ್ತಿತು

ಗ್ರಿಲ್ ತೋಟ, ಭಾಂಡುಪ್ · ಜೂನ್ 2

ಎಲ್ಲರಿಗೂ ನಮಸ್ಕಾರ. ನಮ್ಮದು ಭಾಂಡುಪ್‌ನಲ್ಲಿ ಮೂರನೇ ಮಹಡಿಯ ಒಂದು ಬೆಡ್‌ರೂಮ್ ಮನೆ. ಬಾಲ್ಕನಿ ಇಲ್ಲ. ಹಾಲ್‌ನ ಕಿಟಕಿಗೆ ಹೊರಗೆ ಚಾಚಿದ ಗ್ರಿಲ್ ಇದೆ, ಆರಡಿ ಉದ್ದ, ಒಂದೂವರೆ ಅಡಿ ಅಗಲ. ಪೂರ್ವಕ್ಕೆ ಮುಖ. ಎದುರಿನ ಟವರ್ ದಾಟಿ ಬಿಸಿಲು ಬರುವಾಗ ಎಂಟೂವರೆ, ಹನ್ನೊಂದೂವರೆಗೆ ಮುಗಿಯುತ್ತದೆ.

ಎರಡು ವರ್ಷದಲ್ಲಿ ಟೊಮೇಟೊ ಮೂರು ಸಲ ಹಾಕಿದೆ. ಮೊದಲನೇ ಸಲ ಎಲೆ ಮುದುಡಿಕೊಂಡು ಗಿಡ ಕುಳ್ಳಗೇ ಉಳಿಯಿತು. ಎರಡನೇ ಸಲ ಹೂವು ಬಂತು, ಎಲ್ಲಾ ಉದುರಿತು. ಮೂರನೇ ಸಲ ಊರಿಗೆ ಹೋಗಿ ಬರುವಷ್ಟರಲ್ಲಿ ಕುಂಡದಲ್ಲಿ ಪಾರಿವಾಳ ಮೊಟ್ಟೆ ಇಟ್ಟಿತ್ತು.

ಈಗ ಅತ್ತೆ ಉಡುಪಿಯಿಂದ ಬಂದಿದ್ದಾರೆ, ಮಳೆಗಾಲ ಪೂರ್ತಿ ಇರುತ್ತಾರೆ. ನನ್ನ ಖಾಲಿ ಕುಂಡ ನೋಡಿ, "ಇಷ್ಟು ದೊಡ್ಡ ಊರಲ್ಲಿ ಒಂದು ಬಸಳೆ ಬುಡ ಇಲ್ವಾ ನಿಮಗೆ?" ಅಂತ ಕೇಳಿದರು. ನಾನು ಹಾಸನದವಳು, ಬಸಳೆ ಬೆಳೆದು ಗೊತ್ತಿಲ್ಲ. ಈ ಜಾಗದಲ್ಲಿ ನಿಜವಾಗಲೂ ಏನಾದರೂ ಬರುತ್ತದಾ? ಅಥವಾ ಸುಮ್ನೆ ಮನಿಪ್ಲಾಂಟ್ ಇಟ್ಟು ಕೂರಲಾ?

ಮುಲುಂಡ್ ಅಕ್ಕ · ಜೂನ್ 2

ತಂಗಿ, ಟೊಮೇಟೊ ಸತ್ತದ್ದು ನಿನ್ನ ತಪ್ಪಲ್ಲ. ಮೂರು ಗಂಟೆ ಬಿಸಿಲಿನಲ್ಲಿ ಟೊಮೇಟೊ ಕೇಳಿದ್ದು ತಪ್ಪು. ಅದಕ್ಕೆ ಕಡಿಮೆ ಅಂದರೂ ಆರು ಗಂಟೆ ನೇರ ಬಿಸಿಲು ಬೇಕು. ಅದಿದ್ದರೂ ಮುಂಬೈಯಲ್ಲಿ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿಯೂ ಸೆಕೆ. ರಾತ್ರಿ ತಂಪಾಗದಿದ್ದರೆ ಹೂವು ಕಾಯಿ ಕಟ್ಟದೆ ಉದುರುತ್ತದೆ. ಎಲೆ ಮುದುಡಿದ್ದು ಬಿಳಿ ನೊಣ ಹರಡುವ ವೈರಸ್ ಇರಬೇಕು, ಬೇಸಿಗೆಯಲ್ಲಿ ಜಾಸ್ತಿ. ಬೀಜ ಹಾಕುವ ಕಾಲ ಆಗಸ್ಟ್ ಕೊನೆ, ಸೆಪ್ಟೆಂಬರ್. ಆಗ ಡಿಸೆಂಬರ್, ಜನವರಿಯ ತಂಪಿಗೆ ಕಾಯಿ ಸಿಗುತ್ತದೆ. ಆದರೆ ನಿನ್ನ ಗ್ರಿಲ್ಲಿನಲ್ಲಿ ಆಗಲೂ ಬೇಡ. ಅಂಗಡಿಯಲ್ಲಿ ಸಿಗುವುದನ್ನು ಅಂಗಡಿಯಿಂದ ತಾ.

ನಾನು ಇಲ್ಲಿ 22 ವರ್ಷದಿಂದ ಗ್ರಿಲ್ಲಿನಲ್ಲೇ ಬೆಳೆಯುತ್ತಿದ್ದೇನೆ. ನನ್ನ ಲೆಕ್ಕ ಇಷ್ಟೇ: ಹಣ್ಣು ಕಾಯಿಗೆ ಬಿಸಿಲು ಜಾಸ್ತಿ ಬೇಕು, ಸೊಪ್ಪಿಗೆ ಕಡಿಮೆ ಸಾಕು. ನಿನಗೆ ಇರುವುದು ಸೊಪ್ಪಿನ ಜಾಗ. ಅದೂ ಬೀದಿಯ ಭಾಜಿವಾಲಾ ತರದ ಸೊಪ್ಪು ಬೆಳೆ. ಪಾಲಕ್, ಕೊತ್ತಂಬರಿ ದಿನಾ ಬಾಗಿಲಿಗೆ ಬರುತ್ತದೆ. ಬಸಳೆ, ಒಂದೆಲಗ, ದೊಡ್ಡಪತ್ರೆ ಬರುತ್ತದಾ?

ಅತ್ತೆ ಸರಿಯಾಗಿ ಹೇಳಿದ್ದಾರೆ. ಬಸಳೆಗೆ ಸೆಕೆ ಬೇಕು, ನೀರು ಬೇಕು, ಮಳೆ ಬಂದರೆ ಖುಷಿ. ಮುಂಬೈ ಅದಕ್ಕೆ ಹೇಳಿ ಮಾಡಿಸಿದ ಊರು. ಬೀಜ ಹುಡುಕಬೇಡ. ಮಾಟುಂಗಾ ಮಾರ್ಕೆಟ್‌ಗೆ ಹೋಗಿ ಒಂದು ಕಟ್ಟು ತಾ. ಮರಾಠಿಯಲ್ಲಿ ಮಾಯಾಳು ಅನ್ನುತ್ತಾರೆ. ಎಲೆ ಸಾಂಬಾರಿಗೆ, ದಂಟು ಕುಂಡಕ್ಕೆ. ಪೆನ್ಸಿಲ್‌ಗಿಂತ ದಪ್ಪ ಇರುವ ದಂಟು ಆರಿಸು. ನಾಲ್ಕು ಗೆಣ್ಣು ಇರುವ ಹಾಗೆ ಕತ್ತರಿಸಿ, ಎರಡು ಗೆಣ್ಣು ಮಣ್ಣೊಳಗೆ, ಎರಡು ಮೇಲೆ. ಒಂದು ದಿನ ನೆರಳಲ್ಲಿಟ್ಟು ಆಮೇಲೆ ನೆಟ್ಟರೆ ಕೊಳೆಯುವುದು ಕಡಿಮೆ. ಹತ್ತು ದಿನದೊಳಗೆ ಚಿಗುರು ಕಣ್ಣು ಬಿಡುತ್ತದೆ.

ಮತ್ಸ್ಯಗಂಧ ಸ್ಲೀಪರ್, ಡೊಂಬಿವಲಿ · ಜೂನ್ 2

ಪಾರಿವಾಳದ ಮೊಟ್ಟೆ ಏನಾಯಿತು ಮಾರಾಯ್ರೆ? ಅದು ಹೇಳದೆ ವಿಷಯ ಮುಂದೆ ಹೋಗಬಾರದು.

ಗ್ರಿಲ್ ತೋಟ, ಭಾಂಡುಪ್ · ಜೂನ್ 2

ಎರಡು ಮರಿ ಆಗಿ ಹಾರಿ ಹೋದವು. ನಾವು ಒಂದು ತಿಂಗಳು ಕಿಟಕಿ ತೆಗೆಯಲಿಲ್ಲ. 😄

ಅಕ್ಕ, ಭಾನುವಾರವೇ ಮಾಟುಂಗಾಕ್ಕೆ ಹೋಗುತ್ತೇನೆ. ಮಣ್ಣು ಯಾವುದು ಹಾಕಲಿ? ನರ್ಸರಿಯವನು ಚೀಲದಲ್ಲಿ ಕೊಟ್ಟ ಕೆಂಪು ಮಣ್ಣು ಇದೆ, ಎರಡು ನೀರು ಬಿದ್ದರೆ ಇಟ್ಟಿಗೆ ಆಗುತ್ತದೆ.

ಸಿವಿಲ್ ಭಾವ, ಥಾಣೆ · ಜೂನ್ 3

ಮಣ್ಣಿನ ಮಾತು ಬಂತಲ್ಲ, ಅದಕ್ಕೇ ಬಂದೆ. ನಾನು ಕಟ್ಟಡದ ಲೆಕ್ಕ ಮಾಡುವವನು. ಗಿಡದ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ, ತೂಕದ ಬಗ್ಗೆ ಗೊತ್ತು.

ಒದ್ದೆ ಮಣ್ಣು ಲೀಟರಿಗೆ ಒಂದೂವರೆ ಕಿಲೋಗಿಂತ ಜಾಸ್ತಿ ತೂಗುತ್ತದೆ. ಹನ್ನೆರಡು ಇಂಚಿನ ಕುಂಡದಲ್ಲಿ ಸುಮಾರು 15 ಲೀಟರ್ ಹಿಡಿಯುತ್ತದೆ. ಬರೀ ಮಣ್ಣು ತುಂಬಿದರೆ ಒಂದು ಕುಂಡ 25 ಕಿಲೋ. ಆರು ಕುಂಡ ಸಾಲಾಗಿ ಇಟ್ಟರೆ 150 ಕಿಲೋ, ಅಂದರೆ ಇಬ್ಬರು ದೊಡ್ಡವರು ಹಗಲು ರಾತ್ರಿ ಗ್ರಿಲ್ಲಿನಲ್ಲಿ ಕೂತ ಹಾಗೆ. ಆ ಗ್ರಿಲ್ ನಿಂತಿರುವುದು ಗೋಡೆಗೆ ಹೊಡೆದ ನಾಲ್ಕಾರು ಬೋಲ್ಟಿನ ಮೇಲೆ. ಹತ್ತು ಮಳೆಗಾಲ ನೋಡಿದ ಬೋಲ್ಟ್ ಒಳಗೆ ಹೇಗಿದೆ ಅಂತ ಹೊರಗಿನಿಂದ ಯಾರಿಗೂ ಕಾಣುವುದಿಲ್ಲ.

ತಾರಸಿ ಇರುವವರೂ ಕೇಳಿ. ಕಟ್ಟಡ ಎಷ್ಟು ಹೊರೆ ತಡೆಯಬೇಕು ಅಂತ ಹೇಳುವ ಭಾರತೀಯ ಮಾನಕ (IS) 875ರ ಎರಡನೇ ಭಾಗದ ಪ್ರಕಾರ ಜನ ಹತ್ತಿ ಓಡಾಡುವ ತಾರಸಿಗೆ ಚದರ ಮೀಟರಿಗೆ ಸುಮಾರು 150 ಕಿಲೋ, ಮನೆಯ ಬಾಲ್ಕನಿಗೆ ಸುಮಾರು 300 ಕಿಲೋ ಹೊರೆ ಹಿಡಿದು ಲೆಕ್ಕ ಹಾಕುತ್ತಾರೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದಡಿ ದಪ್ಪ ಮಣ್ಣು ಹಾಸಿ ಮಳೆಗೆ ಬಿಟ್ಟರೆ 500 ಕಿಲೋ ಆಸುಪಾಸು. ಇಟ್ಟಿಗೆ ಕಟ್ಟೆ ಕಟ್ಟಿ ತಾರಸಿ ತುಂಬಾ ಮಣ್ಣು ತುಂಬಿದವರನ್ನು ನೋಡಿದ್ದೇನೆ. ಕೆಳಗಿನ ಮನೆಯವರ ಫ್ಯಾನ್ ಹುಕ್ಕಿನಿಂದ ನೀರು ತೊಟ್ಟಿಕ್ಕಿದಾಗಲೇ ಅವರಿಗೆ ಬುದ್ಧಿ ಬಂದದ್ದು.

ನಿಮ್ಮ ಮನೆಗೆ ನನ್ನ ಸಲಹೆ: ಭಾರದ ಕುಂಡ ಕಿಟಕಿಯ ಕಟ್ಟೆ ಮೇಲೆ, ಗೋಡೆಗೆ ಒತ್ತಿಕೊಂಡು ಇರಲಿ. ಬಳ್ಳಿ ಮಾತ್ರ ಗ್ರಿಲ್ಲಿಗೆ ಹಬ್ಬಲಿ. ಕಂಬಿಯ ಮೇಲೆ ಹಗುರ ಟ್ರೇ ಮಾತ್ರ. ಗ್ರಿಲ್ಲಿನ ಹೊರಮೈಗೆ ಏನೂ ನೇತು ಹಾಕಬೇಡಿ, ಕೆಳಗೆ ಜನ ನಡೆಯುತ್ತಾರೆ.

ಮುಲುಂಡ್ ಅಕ್ಕ · ಜೂನ್ 3

ಭಾವ ಹೇಳಿದ್ದು ನೂರಕ್ಕೆ ನೂರು. ಅದಕ್ಕೇ ಮಣ್ಣು ಕಡಿಮೆ ಹಾಕಬೇಕು. ನನ್ನ ಅಳತೆ: ಒಂದು ಬಾಲ್ದಿ ಮಣ್ಣಿಗೆ ಒಂದು ಬಾಲ್ದಿ ನೆನೆಸಿದ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಬಾಲ್ದಿ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ. ಕುಂಡದ ತಳದಲ್ಲಿ ನಾಲ್ಕು ಬೆರಳು ಕಬ್ಬಿನ ಸಿಪ್ಪೆ. ಯಾವುದಾದರೂ ರಸವಂತಿ, ಅಂದರೆ ಕಬ್ಬಿನ ರಸದ ಅಂಗಡಿಯ ಮುಂದೆ ನಿಂತು ಕೇಳು, ಸಂಜೆ ಎಸೆಯುವುದನ್ನೇ ಕೊಡುತ್ತಾರೆ. ಎರಡು ದಿನ ಒಣಗಿಸಿ ತುಂಡು ಮಾಡು, ಹಸಿಯಾಗಿ ಹಾಕಿದರೆ ಇರುವೆ ಮೆರವಣಿಗೆ ಬರುತ್ತದೆ. ಅದು ಹಗುರ, ನೀರು ಹಿಡಿಯುತ್ತದೆ, ನಿಧಾನಕ್ಕೆ ಕೊಳೆತು ಗೊಬ್ಬರ ಆಗುತ್ತದೆ. ಆರು ತಿಂಗಳಿಗೆ ಕುಂಡ ತಗ್ಗುತ್ತದೆ, ಮೇಲಿಂದ ಮತ್ತೆ ತುಂಬಬೇಕು ಅಷ್ಟೇ.

ಟ್ರೇಗೆ ದುಡ್ಡು ಕೊಡಬೇಡ. ಮೀನು ಮಾರ್ಕೆಟ್ಟಿನಲ್ಲಿ ಐಸ್ ಹಾಕಿ ಬರುವ ಥರ್ಮಾಕೋಲ್ ಡಬ್ಬ ಸಿಗುತ್ತದೆ. ತೊಳೆದು, ಬಿಸಿಲಿಗೆ ಇಟ್ಟು, ತಳಕ್ಕೆ ಎಂಟು ತೂತು ಹೊಡೆ. ಗಾಳಿಯಷ್ಟು ಹಗುರ. ಬೇಸಿಗೆಯಲ್ಲಿ ಬೇರೂ ಕಾಯುವುದಿಲ್ಲ.

ಪುಂಡಿಪಲ್ಯ, ಪುಣೆ · ಜೂನ್ 3

ಗೊಬ್ಬರದ ಬಗ್ಗೆ ಒಂದು ಮಾತು ಸೇರಿಸುತ್ತೇನ್ರಿ. ನಾನು ಧಾರವಾಡದವ, ಕೋಥ್ರೂಡ್‌ನಲ್ಲಿ ಹದಿನಾಲ್ಕು ವರ್ಷ ಆಯಿತು. ಕೊಲ್ಹಾಪುರದಲ್ಲಿ ಗಣಿತ ಕಲಿಸುತ್ತಿದ್ದ ಶ್ರೀಪಾದ ದಾಭೋಲ್ಕರ್ ಅವರ ಹೆಸರು ಇಲ್ಲಿ ಗಿಡ ಬೆಳೆಯುವವರೆಲ್ಲ ಹೇಳುತ್ತಾರೆ. ಸಣ್ಣ ಜಾಗದಲ್ಲಿ ಒಂದು ಮನೆಗೆ ಬೇಕಾದಷ್ಟು ಬೆಳೆಯಬಹುದು ಅಂತ ಲೆಕ್ಕ ಹಾಕಿ ತೋರಿಸಿದವರು. ಅವರ ದಾರಿಯವರು ಮಾಡುವ ಅಮೃತಜಲ ಹೀಗೆ: ಹತ್ತು ಲೀಟರ್ ನೀರು, ಒಂದು ಕಿಲೋ ಹಸಿ ಸಗಣಿ, ಒಂದು ಲೀಟರ್ ಗೋಮೂತ್ರ, 50 ಗ್ರಾಂ ಕಪ್ಪು ಬೆಲ್ಲ. ಮೂರು ದಿನ ಬಿಟ್ಟು, ದಿನಾ ಕಲಕಿ, ಹತ್ತರಷ್ಟು ನೀರು ಬೆರೆಸಿ ಹಾಕುವುದು. ಒಣ ಎಲೆ, ಸಿಪ್ಪೆ ಎಲ್ಲಾ ಇದರಲ್ಲಿ ನೆನೆಸಿಟ್ಟರೆ ಬೇಗ ಕೊಳೆಯುತ್ತದೆ.

ಮುಂಬೈಯಲ್ಲೂ ಇಂಥದ್ದು ನಡೆದಿದೆ. ಪೋರ್ಟ್ ಟ್ರಸ್ಟಿನ ಕ್ಯಾಂಟೀನಿನಲ್ಲಿ ಕೇಟರಿಂಗ್ ಅಧಿಕಾರಿಯಾಗಿದ್ದ ಪ್ರೀತಿ ಪಾಟೀಲ್ ಅಡುಗೆಮನೆಯ ಹಸಿಕಸದಿಂದಲೇ ತಾರಸಿ ಮೇಲೆ ತೋಟ ಎಬ್ಬಿಸಿದರು. ಇಪ್ಪತ್ತು ವರ್ಷದ ಮೇಲಾಯಿತು.

ಮತ್ಸ್ಯಗಂಧ ಸ್ಲೀಪರ್, ಡೊಂಬಿವಲಿ · ಜೂನ್ 3

ಮೂರನೇ ಮಹಡಿಯ ಹಾಲ್‌ನಲ್ಲಿ ಗೋಮೂತ್ರ ಮೂರು ದಿನ ಇಟ್ಟರೆ ಅತ್ತೆ ನಾಲ್ಕನೇ ದಿನ ನಮ್ಮ ಮತ್ಸ್ಯಗಂಧ ರೈಲು ಹತ್ತಿ ಉಡುಪಿಗೆ ವಾಪಸ್.

ಮುಲುಂಡ್ ಅಕ್ಕ · ಜೂನ್ 3

😂 ಅದೂ ನಿಜ. ಫ್ಲ್ಯಾಟ್‌ನಲ್ಲಿ ಅಷ್ಟೆಲ್ಲಾ ಬೇಡ. ಸುಲಭದ ದಾರಿ ಹೇಳುತ್ತೇನೆ. ಮುಂಬೈಯಲ್ಲಿ 2017ರ ಅಕ್ಟೋಬರ್‌ನಿಂದ ದಿನಕ್ಕೆ 100 ಕಿಲೋಗಿಂತ ಜಾಸ್ತಿ ಕಸ ಬರುವ ದೊಡ್ಡ ಸೊಸೈಟಿಗಳು ಹಸಿಕಸವನ್ನು ಕಾಂಪೌಂಡ್ ಒಳಗೇ ಗೊಬ್ಬರ ಮಾಡಬೇಕು ಅಂತ ನಿಯಮ ಬಂತು. ಮಾಡುವ ಸೊಸೈಟಿಗಳಲ್ಲಿ ಗೊಬ್ಬರ ಏನು ಮಾಡುವುದು ಅಂತಲೇ ಗೊತ್ತಿರುವುದಿಲ್ಲ. ಹತ್ತಿರದ ದೊಡ್ಡ ಸೊಸೈಟಿಯ ಮಾಲಿಯನ್ನು ಮಾತಾಡಿಸು. ನನಗೆ ಒಂದು ಚಹಾಕ್ಕೆ ಒಂದು ಚೀಲ ಸಿಗುತ್ತದೆ. ಮೂಗಿಗೆ ಹಿಡಿದು ನೋಡು. ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ತಾ, ಹುಳಿ ವಾಸನೆ ಬಂದರೆ ಅಲ್ಲೇ ಬಿಡು, ಇನ್ನೂ ಬೇಯಬೇಕು.

ಹೊಸ ಕುಂಡ, ಕಲ್ಯಾಣ್ · ಜೂನ್ 5

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನಮ್ಮ ಬಾಲ್ಕನಿ ಉತ್ತರಕ್ಕೆ. ಮೇ ತಿಂಗಳಲ್ಲಿ ಒಳ್ಳೆ ಬಿಸಿಲು ಬಂತು, ಅದನ್ನು ನಂಬಿ ಬದನೆ, ಮೆಣಸು ತಂದೆ. ಹೋದ ವರ್ಷವೂ ಹೀಗೇ ಮಾಡಿದ್ದೆ, ನವೆಂಬರ್‌ಗೆ ಒಂದು ಕಿರಣವೂ ಇರಲಿಲ್ಲ. ಬಿಸಿಲು ಎಲ್ಲಿಗೆ ಹೋಗುತ್ತದೆ?

ಸಿವಿಲ್ ಭಾವ, ಥಾಣೆ · ಜೂನ್ 5

ಇದು ನನ್ನ ಇಷ್ಟದ ಪ್ರಶ್ನೆ. ಮುಂಬೈ ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಕರ್ಕಾಟಕ ವೃತ್ತಕ್ಕಿಂತ ಕೆಳಗೆ. ಮೇ ಮಧ್ಯದಲ್ಲಿ ಒಂದು ದಿನ, ಜುಲೈ ಕೊನೆಗೆ ಒಂದು ದಿನ ಮಧ್ಯಾಹ್ನ ಸೂರ್ಯ ನೆಟ್ಟಗೆ ನೆತ್ತಿ ಮೇಲೆ ಬರುತ್ತಾನೆ, ಕಂಬಕ್ಕೆ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವೆ ಅವನು ನಮ್ಮ ಉತ್ತರಕ್ಕೆ ಇರುತ್ತಾನೆ. ನಿಮಗೆ ಬಿಸಿಲು ಸಿಗುವುದು ಆಗ. ಆದರೆ ಜೂನ್ ಎರಡನೇ ವಾರಕ್ಕೆ ಮೋಡ ಮುಚ್ಚುತ್ತದೆ, ನಿಮ್ಮ ಪಾಲಿನ ಬಿಸಿಲನ್ನು ಮಳೆ ತಿಂದುಬಿಡುತ್ತದೆ. ಮೋಡ ಸರಿಯುವ ಅಕ್ಟೋಬರ್‌ಗೆ ಸೂರ್ಯ ದಕ್ಷಿಣಕ್ಕೆ ಹೋಗಿ ಆಗಿರುತ್ತದೆ.

ದಕ್ಷಿಣ ಬಾಲ್ಕನಿಯವರಿಗೆ ಇದರ ಉಲ್ಟಾ. ಡಿಸೆಂಬರ್‌ನಲ್ಲಿ ಬಿಸಿಲು ಸೋಫಾವರೆಗೆ ಬರುತ್ತದೆ. ಟೊಮೇಟೊ ಅವರ ಹಕ್ಕು.

ಮುಲುಂಡ್ ಅಕ್ಕ · ಜೂನ್ 5

ಕಲ್ಯಾಣದವರೇ, ಬದನೆ ಗಿಡ ಯಾರಿಗಾದರೂ ದಾನ ಮಾಡಿ. ನೀವು ಪುದೀನ, ಒಂದೆಲಗ, ದೊಡ್ಡಪತ್ರೆ, ವೀಳ್ಯದೆಲೆ ಇಟ್ಟುಕೊಳ್ಳಿ. ಜೊತೆಗೆ ಮೆಂತ್ಯ ಚಿಗುರು. ದಾದರ್ ಕಡೆ ಅಂಗೈಯಷ್ಟು ಸಣ್ಣ ಕಟ್ಟಿನಲ್ಲಿ ಸಮುದ್ರ ಮೇಥಿ ಅಂತ ಮಾರುತ್ತಾರೆ ನೋಡಿ, ಮರಳಿನಲ್ಲಿ ಎಬ್ಬಿಸಿದ ಮೆಂತ್ಯದ ಎಳೆ ಸಸಿ ಅದು. ಅದನ್ನು ಮನೆಯಲ್ಲೇ ಮಾಡಬಹುದು. ಅಡುಗೆಮನೆಯ ಮೆಂತ್ಯ ಒಂದು ಹಿಡಿ ರಾತ್ರಿ ನೆನೆಸಿ, ಅರ್ಧ ಮರಳು ಬೆರೆಸಿದ ಮೂರು ಇಂಚಿನ ಟ್ರೇಯಲ್ಲಿ ಒತ್ತೊತ್ತಾಗಿ ಚೆಲ್ಲಿ, ತೆಳ್ಳಗೆ ಮಣ್ಣು ಉದುರಿಸಿ. ಹನ್ನೆರಡು ದಿನಕ್ಕೆ ಕತ್ತರಿ ಹಾಕಿ. ನೇರ ಬಿಸಿಲು ಕೇಳುವುದಿಲ್ಲ, ಒಳ್ಳೆ ಬೆಳಕು ಸಾಕು. ಪಾರಿವಾಳಕ್ಕೆ ಇದು ಅಂದರೆ ಪ್ರಾಣ, ಮೊದಲ ಐದು ದಿನ ಜಾಲರಿ ಮುಚ್ಚಿ.

ನಾಲ್ಕನೇ ಮಹಡಿ, ಪಿಂಪ್ರಿ · ಜೂನ್ 6

ಮಣ್ಣಿನ ತಲೆನೋವೇ ಬೇಡ ಅನ್ನುವವರು ಹೈಡ್ರೋಪೋನಿಕ್ಸ್ ಮಾಡಿ, ಬರೀ ನೀರಲ್ಲೇ ಬೆಳೆಯುವುದು. ಪೈಪು, ಪಂಪು, ಎರಡು ಬಾಟ್ಲಿ ಪೋಷಕಾಂಶ. ನನ್ನ ಬಾಲ್ಕನಿಯಲ್ಲಿ 36 ಲೆಟ್ಯೂಸ್ ಇದೆ.

ಪುಂಡಿಪಲ್ಯ, ಪುಣೆ · ಜೂನ್ 6

ಒಳ್ಳೆಯದ್ರಿ. ಆದರೆ ರೊಟ್ಟಿ ಜೊತೆ ಲೆಟ್ಯೂಸ್ ಯಾರು ತಿನ್ನುತ್ತಾರೆ?

ನನ್ನ ತಾರಸಿಯ ಮೂಲೆಯಲ್ಲಿ ಇರುವುದು ಪುಂಡಿ, ರಾಜಗಿರಿ, ಮೂಲಂಗಿ, ಮೆಂತ್ಯ. ಪುಂಡಿ ಇಲ್ಲಿ ಅಂಬಾಡಿ ಅಂತ ಮಂಡಿಗೆ ಬರುತ್ತದೆ, ಆದರೆ ಬಾಡಿರುತ್ತದೆ. ಹತ್ತಿಂಚಿನ ಕುಂಡಕ್ಕೆ ಎರಡು ಗಿಡ. ಒಂದೂವರೆ ಅಡಿ ಆದಾಗ ತಲೆ ಚಿವುಟಿದರೆ ಕವಲು ಒಡೆಯುತ್ತದೆ, ನಾಲ್ಕು ತಿಂಗಳು ಎಲೆ ಕೊಡುತ್ತದೆ. ಮೆಂತ್ಯ, ಮೂಲಂಗಿ ಎಲೆ ಹಸಿಯಾಗಿ ತಟ್ಟೆಗೆ. ಅವ್ವ ಇದ್ದಾಗ ಹಕ್ಕರಿಕಿ ಸೊಪ್ಪು ಬೇಕು ಅಂತ ಹಟ ಮಾಡುತ್ತಿದ್ದಳು, ಅದರ ಬೀಜ ಊರಿಂದ ತಂದು ಮೂರು ವರ್ಷ ಹಾಕಿದೆ. ಬಂತು, ಆದರೆ ಹೊಲದಲ್ಲಿ ಬಂದ ಹಾಗೆ ಬರಲಿಲ್ಲ.

ಮುಂಬೈಯವರ ಕ್ಯಾಲೆಂಡರ್ ಪುಣೆಗೆ ಹೊಂದುವುದಿಲ್ಲ, ಇಲ್ಲಿ ಓದುವ ಪುಣೆಯವರು ಗಮನಿಸಿ. ಮುಂಬೈಗೆ ವರ್ಷಕ್ಕೆ 2,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ನಮಗೆ 700 ಆಸುಪಾಸು. ನಮ್ಮ ಮಳೆಗಾಲದಲ್ಲಿ ಕೊತ್ತಂಬರಿ ಕೊಳೆಯುವುದಿಲ್ಲ. ಡಿಸೆಂಬರ್ ರಾತ್ರಿ 10 ಡಿಗ್ರಿಗೆ ಇಳಿಯುತ್ತದೆ. ಆಗ ಬಟಾಣಿಯೂ ಬರುತ್ತದೆ, ಟೊಮೇಟೊನೂ ಬರುತ್ತದೆ, ಬಸಳೆ ಮಾತ್ರ ಮುನಿಸಿಕೊಂಡು ಕೂತಿರುತ್ತದೆ. ಏಪ್ರಿಲ್‌ನಲ್ಲಿ ಒಣ ಬಿಸಿಲು, ಅರ್ಧ ನೆರಳು ಕೊಡುವ ಹಸಿರು ನೆಟ್ ಕಟ್ಟದಿದ್ದರೆ ಎಲೆ ಸುಡುತ್ತದೆ.

ನಾಲ್ಕನೇ ಮಹಡಿ, ಪಿಂಪ್ರಿ · ಜೂನ್ 6

ಸರಿ ಬಿಡಿ, ಲೆಟ್ಯೂಸ್ ಮಕ್ಕಳ ಸ್ಯಾಂಡ್‌ವಿಚ್‌ಗೆ. ಕರೆಂಟ್ ಹೋದಾಗ ಪಂಪ್ ನಿಂತು ಮೇ ತಿಂಗಳಲ್ಲಿ ಒಂದು ಬ್ಯಾಚ್ ಪೂರ್ತಿ ಬಾಡಿತು ಅನ್ನುವುದನ್ನೂ ಒಪ್ಪಿಕೊಳ್ಳುತ್ತೇನೆ.

ಕಾರವಾರದವ, ಮಡಗಾಂವ್ · ಜೂನ್ 9

ಗೋವಾದಿಂದ ಒಂದು ಹಾಜರಿ. ನಮಗೆ ಮನೆ ಹಿಂದೆ ಎಂಟು ಅಡಿ ಅಂಗಳ ಇದೆ. ಕೆಂಪು ಜಂಬಿಟ್ಟಿಗೆ ನೆಲ, ಗುದ್ದಲಿ ಹಾಕಿದರೆ ಕಿಡಿ ಬರುತ್ತದೆ. ಅದಕ್ಕೆ ನಾವೂ ಸಿಮೆಂಟ್ ಚೀಲದಲ್ಲೇ ಬೆಳೆಯುವುದು. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ, ಗೊಬ್ಬರದ ಸಾರ ಎಲ್ಲಾ ತೊಳೆದು ಚರಂಡಿಗೆ. ಹಾಗಾಗಿ ಮಳೆಗಾಲದಲ್ಲಿ ಒಮ್ಮೆಗೇ ಗೊಬ್ಬರ ಸುರಿಯಬೇಡಿ. ಹದಿನೈದು ದಿನಕ್ಕೆ ಒಂದು ಹಿಡಿ ಸಾಕು.

ಇಲ್ಲಿ ಏಳು ಏಣಿನ ಬೆಂಡೆ ಇದೆ, ಕೊಂಕಣಿಯಲ್ಲಿ ಸಾತ್ ಶಿರಾಂಚೊ ಭೇಣೊ. ದಪ್ಪ, ಉದ್ದ, ಎಳೆಯದಾಗಿ ಕಿತ್ತರೆ ಬೆಣ್ಣೆ. ಇದಕ್ಕೆ ಭೌಗೋಳಿಕ ಗುರುತು ಕೂಡ ಸಿಕ್ಕಿದೆ. ಪೇಟೆಯ ಹೈಬ್ರಿಡ್ ಬೆಂಡೆ ಮಳೆಗೆ ಮುಗ್ಗರಿಸಿದರೆ ಇದು ಮಳೆಯಲ್ಲೇ ನನ್ನ ಎತ್ತರ ದಾಟುತ್ತದೆ. ಗ್ರಿಲ್ಲಿಗೆ ಅಲ್ಲ, ತಾರಸಿಯವರಿಗೆ. ಮಾಪುಸಾದ ಶುಕ್ರವಾರದ ಸಂತೆಯಲ್ಲಿ ಹೆಂಗಸರು ಹಳ್ಳಿ ಬೀಜ ಮಾರುತ್ತಾರೆ, ಮೇ ತಿಂಗಳಲ್ಲೇ ತಂದಿಟ್ಟುಕೊಳ್ಳಬೇಕು.

ನಮ್ಮ ಶತ್ರು ಪಾರಿವಾಳ ಅಲ್ಲ, ಆಫ್ರಿಕಾದ ದೊಡ್ಡ ಬಸವನಹುಳು. ಮೊದಲ ಮಳೆ ಬಿದ್ದ ರಾತ್ರಿ ಟಾರ್ಚ್ ಹಿಡಿದು ಹೊರಟರೆ ಅರ್ಧ ಬಾಲ್ದಿ. ಬರಿಗೈಯಲ್ಲಿ ಮುಟ್ಟಬೇಡಿ, ಕೈಗವಸು ಹಾಕಿ. ಉಪ್ಪು ನೀರಿನ ಬಾಲ್ದಿಗೆ ಹಾಕಿ, ಆದರೆ ಆ ನೀರನ್ನು ಗಿಡದ ಹತ್ತಿರ ಚೆಲ್ಲಬೇಡಿ. ಒಂದು ವರ್ಷ ನಾನು ಚೆಲ್ಲಿ ಹರಿವೆ ಕಳೆದುಕೊಂಡೆ.

ಗ್ರಿಲ್ ತೋಟ, ಭಾಂಡುಪ್ · ಜೂನ್ 21

ವರದಿ ಒಪ್ಪಿಸುತ್ತಿದ್ದೇನೆ. ಮಾಟುಂಗಾದಿಂದ ಬಸಳೆ ತಂದೆವು. ಐದು ಕಡ್ಡಿ ನೆಟ್ಟೆವು, ಎರಡು ಕೊಳೆಯಿತು, ಮೂರು ಚಿಗುರಿದೆ. ಹನ್ನೊಂದನೇ ದಿನ ಬೆಳಿಗ್ಗೆ ನೋಡಿದರೆ ಗೆಣ್ಣಿನ ಮಗ್ಗುಲಲ್ಲಿ ಅಕ್ಕಿಕಾಳಿನಷ್ಟು ಹಸಿರು. ಅತ್ತೆ ಕನ್ನಡಕ ಹಾಕಿಕೊಂಡು ಬಂದು ನೋಡಿ, "ಹ್ಞಾಂ, ಹಿಡಿಯಿತು" ಅಂದರು. ಅದೇ ಪ್ರಶಸ್ತಿ.

ಒಂದು ಥರ್ಮಾಕೋಲ್ ಡಬ್ಬದಲ್ಲಿ ಹರಿವೆ ಚೆಲ್ಲಿದ್ದೆ. ಮೂರು ದಿನ ಆದರೂ ಒಂದೂ ಮೊಳಕೆ ಇಲ್ಲ. ಆಮೇಲೆ ಗೊತ್ತಾಯಿತು, ಇರುವೆಗಳು ಸಾಲು ಹಿಡಿದು ಬೀಜ ಹೊತ್ತುಕೊಂಡು ಹೋಗುತ್ತಿದ್ದವು. ಎರಡನೇ ಸಲ ಬೀಜಕ್ಕೆ ಮರಳು ಬೆರೆಸಿ ಚೆಲ್ಲಿ, ಸುತ್ತ ಅರಿಶಿನ ಪುಡಿ ಉದುರಿಸಿದೆ. ಈಗ ಕೆಂಪು ಚಾಪೆ ಹಾಸಿದ ಹಾಗೆ ಎದ್ದಿದೆ.

ಈಗ ಜಗಳ ಏನಪ್ಪಾ ಅಂದರೆ, ಅತ್ತೆ ಮೀನು ತೊಳೆದ ನೀರನ್ನು ಬಸಳೆಗೆ ಹಾಕಲೇಬೇಕು ಅನ್ನುತ್ತಾರೆ. ಪಕ್ಕದ ಮನೆಯವರು ಶುದ್ಧ ಶಾಕಾಹಾರಿ, ಕಿಟಕಿಗೆ ಕಿಟಕಿ ಅಂಟಿಕೊಂಡಿದೆ. ಏನು ಮಾಡಲಿ?

ಮುಲುಂಡ್ ಅಕ್ಕ · ಜೂನ್ 21

ಅತ್ತೆಯ ಮಾತು ಸುಳ್ಳಲ್ಲ, ಊರಲ್ಲಿ ಬಸಳೆ ಚಪ್ಪರದ ಬುಡಕ್ಕೆ ಬೀಳುವುದೇ ಅದು, ಮೇಲಿಂದ ಒಲೆಯ ಬೂದಿ. ಆದರೆ ಅಲ್ಲಿ ಬುಡದ ಕೆಳಗೆ ಭೂಮಿ ಇದೆ, ಇಲ್ಲಿ ಹದಿನೈದು ಲೀಟರ್ ಕುಂಡ. ಎರಡು ದಿನಕ್ಕೆ ನಾರುತ್ತದೆ, ನೊಣ ಬರುತ್ತದೆ. ಅಕ್ಕಿ ತೊಳೆದ ನೀರು ಹಾಕಿ ಅಂತ ಅತ್ತೆಗೆ ಹೇಳು. ನಿನ್ನ ಬಾಯಲ್ಲಿ ಬೇಡ, ಮುಲುಂಡ್‌ನಲ್ಲಿ ಒಬ್ಬರು ಕುಂದಾಪುರದವರು ಹೇಳಿದರು ಅನ್ನು.

ಅರಿಶಿನದ ಉಪಾಯ ಚೆನ್ನಾಗಿದೆ. ಹರಿವೆ 25ರಿಂದ 30 ದಿನಕ್ಕೆ ಕೊಯ್ಲು. ಒಂದೇ ಸಲ ಎಲ್ಲಾ ಡಬ್ಬದಲ್ಲಿ ಬಿತ್ತಬೇಡ, ಹತ್ತು ದಿನಕ್ಕೆ ಒಂದು ಡಬ್ಬ.

ಹೊಸ ಕುಂಡ, ಕಲ್ಯಾಣ್ · ಜೂನ್ 22

ಎಲ್ಲರೂ ಮೊಟ್ಟೆ ಸಿಪ್ಪೆ ಹಾಕಿ, ಕ್ಯಾಲ್ಸಿಯಂ ಬರುತ್ತದೆ, ಟೊಮೇಟೊ ತಳ ಕಪ್ಪಾಗುವುದಿಲ್ಲ ಅನ್ನುತ್ತಾರೆ. ನಿಜವಾ?

ಪುಂಡಿಪಲ್ಯ, ಪುಣೆ · ಜೂನ್ 22

ಮುರಿದು ಹಾಕಿದ ಸಿಪ್ಪೆ ವರ್ಷ ಕಳೆದರೂ ಹಾಗೇ ಇರುತ್ತದೆ. ನನ್ನ ಕುಂಡ ಅಗೆದರೆ 2021ರ ಆಮ್ಲೆಟ್ ಸಿಗುತ್ತದೆ. ಪುಡಿ ಮಾಡಿ ಗೊಬ್ಬರದ ಡಬ್ಬಕ್ಕೆ ಹಾಕಿದರೆ ನಿಧಾನಕ್ಕೆ ಉಪಯೋಗ. ತಳ ಕಪ್ಪಾಗುವುದು ಬಹುಪಾಲು ನೀರಿನ ಏರುಪೇರಿನಿಂದ. ಒಂದು ದಿನ ಕೆರೆ, ಎರಡು ದಿನ ಬರ ಅಂತ ಮಾಡಿದರೆ ಮಣ್ಣಲ್ಲಿರುವ ಕ್ಯಾಲ್ಸಿಯಂ ಕಾಯಿಗೆ ತಲುಪುವುದಿಲ್ಲ.

ಸಿವಿಲ್ ಭಾವ, ಥಾಣೆ · ಜೂನ್ 22

ನೀರಿನ ಮಾತಿಗೆ ಒಂದು ಸೇರಿಕೆ. ಫಿಲ್ಟರಿನಿಂದ ಹೊರಗೆ ಹೋಗುವ ಆರ್‌ಓ ವೇಸ್ಟ್ ನೀರನ್ನು ದಿನಾ ಕುಂಡಕ್ಕೆ ಹಾಕಬೇಡಿ. ಅದರಲ್ಲಿ ಉಪ್ಪಿನಂಶ ಜಾಸ್ತಿ, ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಏಸಿಯಿಂದ ತೊಟ್ಟಿಕ್ಕುವ ನೀರು ಪರವಾಗಿಲ್ಲ. ಮತ್ತೆ, ಕುಂಡದ ಕೆಳಗಿನ ತಟ್ಟೆ ವಾರಕ್ಕೊಮ್ಮೆಯಾದರೂ ಚೆಲ್ಲಿ ಉಜ್ಜಿ ಒಣಗಿಸಿ. ಡೆಂಗಿ ಸೊಳ್ಳೆಗೆ ತಿಳಿನೀರೇ ಇಷ್ಟ, ಮೊಟ್ಟೆಯಿಂದ ಸೊಳ್ಳೆ ಆಗಲು ಎಂಟು ಹತ್ತು ದಿನ ಸಾಕು.

ಗ್ರಿಲ್ ತೋಟ, ಭಾಂಡುಪ್ · ಜುಲೈ 14

ಸಮಸ್ಯೆ ಎರಡು. ಬಸಳೆ ಎಲೆಯಲ್ಲಿ ದುಂಡನೆ ಚುಕ್ಕೆ, ಅಂಚು ಕೆಂಪು, ನಡುವೆ ಬೂದಿ ಬಣ್ಣ. ಇನ್ನೊಂದು, ಅಲಸಂದೆ ಹಾಕಿದ್ದೆ, ಅದರ ಎಲೆ ಮೇಲೆ ಯಾರೋ ಬಿಳಿ ಗೆರೆ ಎಳೆದ ಹಾಗೆ. ಕುಡಿಯಲ್ಲಿ ಕಪ್ಪು ಹೇನು ಬೇರೆ.

ಸೊಸೈಟಿಯ ಸೆಕ್ರೆಟರಿಯೂ ಬಂದು ಹೋದರು. ನೀರು ಕೆಳಗಿನ ಮನೆಯವರ ಒಣಗಿಸಿದ ಬಟ್ಟೆ ಮೇಲೆ ಬೀಳುತ್ತಿದೆಯಂತೆ.

ಮುಲುಂಡ್ ಅಕ್ಕ · ಜುಲೈ 14

ಬಸಳೆಯ ಚುಕ್ಕೆ ಮಳೆಗಾಲದ ಶಿಲೀಂಧ್ರ. ಚುಕ್ಕೆ ಎಲೆ ಕಿತ್ತು ಕಸಕ್ಕೆ ಹಾಕು, ಗೊಬ್ಬರಕ್ಕೆ ಬೇಡ. ಎಲೆ ಮೇಲೆ ನೀರು ಹಾಕಬೇಡ, ಬುಡಕ್ಕೆ ಹಾಕು. ಬಳ್ಳಿಯನ್ನು ಅಗಲಕ್ಕೆ ಹರಡು, ಒಂದರ ಮೇಲೊಂದು ಬಿದ್ದರೆ ಗಾಳಿ ಆಡುವುದಿಲ್ಲ.

ಗೆರೆ ಎಳೆದದ್ದು ರಂಗೋಲಿ ಹುಳ. ಎಲೆಯ ಒಳಗೇ ತಿಂದುಕೊಂಡು ಹೋಗುತ್ತದೆ, ಮೇಲಿಂದ ಏನು ಹೊಡೆದರೂ ಅಷ್ಟಕ್ಕಷ್ಟೇ. ಆ ಎಲೆಯನ್ನೇ ತೆಗೆ. ಹೇನಿಗೆ ಮೊದಲು ಬರೀ ನೀರಿನ ಪಿಚಕಾರಿ. ಆಮೇಲೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು. ಚೆನ್ನಾಗಿ ಕುಲುಕಿ, ಸಂಜೆ ಹೊತ್ತು ಎಲೆಯ ಅಡಿಗೂ ತಾಗುವ ಹಾಗೆ ಹೊಡೆ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಬಟ್ಟೆಯ ವಿಷಯಕ್ಕೆ: ಎಲ್ಲಾ ಕುಂಡಕ್ಕೂ ತಟ್ಟೆ ಇಡು, ಬೆಳಿಗ್ಗೆ ಆರೂವರೆಗೆ ನೀರು ಹಾಕು. ಮೊದಲ ಹರಿವೆ ಕಟ್ಟು ಕೆಳಗಿನ ಮನೆಗೆ ಕೊಡು. ಎರಡನೆಯದು ಸೆಕ್ರೆಟರಿಗೆ.

ಮತ್ಸ್ಯಗಂಧ ಸ್ಲೀಪರ್, ಡೊಂಬಿವಲಿ · ಜುಲೈ 14

ಅಕ್ಕನನ್ನು ಮಹಾನಗರಪಾಲಿಕೆಗೆ ನಿಲ್ಲಿಸಬೇಕು.

ಕಾರವಾರದವ, ಮಡಗಾಂವ್ · ಜುಲೈ 15

ಅಲಸಂದೆಗೆ ಹೇನು ಬಂದರೆ ಇರುವೆಯನ್ನೂ ನೋಡಿ. ಹೇನಿನ ಸಿಹಿ ನೀರಿಗಾಗಿ ಇರುವೆಗಳು ಅದನ್ನು ಹಸು ಸಾಕಿದ ಹಾಗೆ ಸಾಕುತ್ತವೆ. ಇರುವೆ ದಾರಿ ಕಟ್ಟಾದರೆ ಅರ್ಧ ಕೆಲಸ ಆಯಿತು.

ಗ್ರಿಲ್ಲಿನಲ್ಲಿ ಇನ್ನೂ ಜಾಗ ಇದ್ದರೆ ತೊಂಡೆ ಹಾಕಿ. ಆದರೆ ಬೀಜದಿಂದ ಬೇಡ. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಕಾಯಿ ಬಿಡುತ್ತಿರುವ ಬಳ್ಳಿಯ ಕಡ್ಡಿಯನ್ನೇ ಕೇಳಿ ತನ್ನಿ. ಗೆಳೆಯರೊಬ್ಬರು ಬೇಲಿಯ ಮೇಲಿನ ಬಳ್ಳಿಯ ಕಡ್ಡಿ ತಂದು ಎರಡು ವರ್ಷ ಹೂವು ನೋಡಿ ಖುಷಿಪಟ್ಟರು.

ಗ್ರಿಲ್ ತೋಟ, ಭಾಂಡುಪ್ · ಆಗಸ್ಟ್ 6

ಇವತ್ತು ಬಸಳೆ ಕೊಯ್ದೆವು!

ಬಳ್ಳಿ ಗ್ರಿಲ್ಲಿನ ಆರಡಿ ಪೂರ್ತಿ ಹಬ್ಬಿ ವಾಪಸ್ ತಿರುಗಿತ್ತು. ಅತ್ತೆ ಕತ್ತರಿ ಮುಟ್ಟಲು ಬಿಡಲಿಲ್ಲ. ಬಲಗೈ ಹೆಬ್ಬೆರಳಿನ ಉಗುರಿನಿಂದ ಪಟ್ ಅಂತ ಮುರಿದರು. ಎಲ್ಲಿ ಉಗುರು ಇಳಿಯುತ್ತದೋ ಅಲ್ಲಿವರೆಗೆ ಅಡುಗೆಗೆ, ಇಳಿಯದಿದ್ದರೆ ಅದು ಬಳ್ಳಿಗೇ ಅಂತೆ. ನನ್ನ ಕೈಗೂ ಕೊಟ್ಟು ಎರಡು ಕುಡಿ ಮುರಿಸಿದರು. ಬೆರಳಿಗೆಲ್ಲಾ ಲೋಳೆ.

ದಂಟು ಬೆರಳುದ್ದಕ್ಕೆ, ಎಲೆ ಎರಡು ಸೀಳು, ಜೊತೆಗೆ ಒಣ ಸೀಗಡಿ. ನಾಲ್ಕು ಜನಕ್ಕೆ ಒಂದು ಹೊತ್ತಿಗೆ ಸರಿಹೋಯಿತು. ನನ್ನ ಗಂಡ ದಂಟು ಜಗಿದು ಜಗಿದು ತಟ್ಟೆಯ ಬದಿಗೆ ಗುಡ್ಡೆ ಹಾಕಿದರು, ಒಂದು ಮಾತಿಲ್ಲ. ಅತ್ತೆ ಮಾತ್ರ, "ತೆಂಗಿನಕಾಯಿ ಊರಿನದ್ದಲ್ಲ, ಗೊತ್ತಾಗುತ್ತದೆ" ಅಂದರು.

ಲೆಕ್ಕ ಕೇಳುವವರಿಗೆ: ಗೊಬ್ಬರ ಮಾಲಿ ಕೊಟ್ಟದ್ದು, ಡಬ್ಬ ಮೀನಿನವಳು ಕೊಟ್ಟದ್ದು. ಕೊಕೊಪೀಟ್, ಬೇವಿನೆಣ್ಣೆ, ಜಾಲರಿ, ಬೀಜ ಸೇರಿ 640 ರೂಪಾಯಿ. ಹರಿವೆ ಇಲ್ಲಿವರೆಗೆ ಐದು ಕಟ್ಟು. ಉಳಿತಾಯ ಅಂತ ಯಾರೂ ಇದನ್ನು ಶುರು ಮಾಡಬೇಡಿ. 😄 ಕೆಳಗಿನ ಮನೆಯವರು ಹರಿವೆ ತೆಗೆದುಕೊಂಡು ಲಾಲ್ ಮಾಠ್ ಭಾಜಿ ಮಾಡಿ ಒಂದು ಬಟ್ಟಲು ವಾಪಸ್ ಕಳಿಸಿದರು. ಬಟ್ಟೆಯ ಮಾತು ಮತ್ತೆ ಬಂದಿಲ್ಲ.

ಹೊಸ ಕುಂಡ, ಕಲ್ಯಾಣ್ · ಆಗಸ್ಟ್ 6

ನನ್ನ ಮೆಂತ್ಯ ಟ್ರೇ ನಾಲ್ಕನೇ ಸುತ್ತು. ಬದನೆ ದಾನ ಮಾಡಿದೆ, ಪಡೆದವರು ದಕ್ಷಿಣ ಬಾಲ್ಕನಿಯವರು, ಅದು ಈಗ ಹೂವು ಬಿಟ್ಟಿದೆಯಂತೆ. ಸ್ವಲ್ಪ ಹೊಟ್ಟೆ ಉರಿಯಿತು.

ಗ್ರಿಲ್ ತೋಟ, ಭಾಂಡುಪ್ · ಸೆಪ್ಟೆಂಬರ್ 11

ಅತ್ತೆ ಚೌತಿ ಮುಗಿಸಿ ಊರಿಗೆ ಹೊರಡುತ್ತಾರೆ ಅಂದುಕೊಂಡಿದ್ದೆ. ಈಗ ದೀಪಾವಳಿವರೆಗೆ ಇರುತ್ತೇನೆ ಅಂದಿದ್ದಾರೆ. ಕಾರಣ, ಗ್ರಿಲ್ಲಿನ ಎಡಗಡೆ ಮೂಲೆಯಲ್ಲಿ ಜಾಗ ಇದೆಯಂತೆ, ಅಲ್ಲಿ ಗುಳ್ಳ ಬದನೆ ಆಗಬೇಕಂತೆ. ಮೂರು ಗಂಟೆ ಬಿಸಿಲಿಗೆ ಬದನೆ ಬರುವುದಿಲ್ಲ ಅಂತ ಅಕ್ಕ ಹೇಳಿದ್ದನ್ನು ಓದಿ ಹೇಳಿದೆ. "ಹಾಕಿ ನೋಡದೆ ಅವರಿಗೆ ಹೇಗೆ ಗೊತ್ತು?" ಅಂದರು.

ಮಟ್ಟುಗುಳ್ಳದ ಬೀಜ ಮುಂಬೈಯಲ್ಲಿ ಯಾರ ಹತ್ತಿರವಾದರೂ ಇದೆಯಾ?

ಮುಲುಂಡ್ ಅಕ್ಕ · ಸೆಪ್ಟೆಂಬರ್ 11

2009ರಲ್ಲಿ ಹಾಕಿ ನೋಡಿದ್ದೇನೆ ಅಂತ ಹೇಳು. ಗಿಡ ಸೊಂಟದವರೆಗೆ ಬಂತು, ಕಾಯಿ ಎರಡು. ಒಂದು ಅಳಿಲು ತಿಂದಿತು.

ಬೀಜ ಇದೆ. ಹೋದ ವರ್ಷ ಊರಿಂದ ತಂದದ್ದು. ಭಾನುವಾರ ಹತ್ತು ಗಂಟೆಗೆ ಮಾಟುಂಗಾ ಸ್ಟೇಷನ್ ಹೊರಗೆ, ಹೂವಿನ ಅಂಗಡಿಗಳ ಹತ್ತಿರ. ಅತ್ತೆಯನ್ನೂ ಕರೆದುಕೊಂಡು ಬಾ. ನನಗೆ ನಿನ್ನ ಬಸಳೆಯ ನಾಲ್ಕು ಕಡ್ಡಿ ಬೇಕು, ನನ್ನದು ಈ ಮಳೆಗೆ ಬುಡ ಕೊಳೆತು ಹೋಯಿತು.